ದಾದಿಮಾಳ ಝೊಹ್ರಾ

ಚಿಂತಾಮಣಿಯ ನಮ್ಮ ಹಳೆಯ ಮನೆಯಲ್ಲಿ ದಾದಿಮಾ ಒಂದು ತಾಮ್ರದ ಕಾಸನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಒಂದು ಬದಿ ಆನೆ, ಇನ್ನೊಂದು ಬದಿ ಫಾರ್ಸಿ ಅಕ್ಷರ. ಪ್ರತಿ ವರ್ಷ ಈದ್ ಹತ್ತಿರ ಬಂದಾಗ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಕಾಸು ಫಳಫಳ ಹೊಳೆಯುತ್ತಿತ್ತು. ಆನೆ ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು.

ಉರ್ದು ಶಾಲೆಗೆ ಹೋಗುತ್ತಿದ್ದ ನಾವು ಒಮ್ಮೆ ಅದರ ಇಸವಿ ಓದಲು ಕುಳಿತೆವು. 4221 ಎಂದಿತ್ತು. ಉರ್ದುವಿನಲ್ಲಿ ಅಕ್ಷರ ಬಲದಿಂದ ಎಡಕ್ಕೆ ನಡೆದರೂ ಅಂಕಿ ನಡೆಯುವುದು ಎಡದಿಂದ ಬಲಕ್ಕೇ. ಅಂಥ ಇಸವಿ ಎಲ್ಲಿಯದು? ಕಾಸು ಖೋಟಾ ಎಂದು ತೀರ್ಮಾನಿಸಿಬಿಟ್ಟೆವು.

ತಪ್ಪು ಕಾಸಿನದಲ್ಲ, ನಮ್ಮದು. 1787ರಲ್ಲಿ ಟಿಪ್ಪು ಸುಲ್ತಾನ್ ನಾಣ್ಯಗಳ ಮೇಲೆ ಹಿಜರಿಯ ಬದಲು ಮೌಲೂದಿ ಶಕೆಯನ್ನು ತಂದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗೆ ಓದಿದರೆ ಅದು 1224, ಅಂದರೆ ಕ್ರಿ.ಶ. 1796ರ ಸುಮಾರು. ಅಚ್ಚಾದ ಊರು ಪಟನ್, ನಮ್ಮ ಶ್ರೀರಂಗಪಟ್ಟಣ. ಹೆಸರು ಝೊಹ್ರಾ, ಎಂದರೆ ಶುಕ್ರಗ್ರಹ.

ನಾಣ್ಯಗಳಿಗೆ ಹೀಗೆ ಹೆಸರಿಡುವುದು ಟಿಪ್ಪುವಿನ ಕ್ರಮ. ತಾಮ್ರಕ್ಕೆ ಆಕಾಶದ ಹೆಸರು: ಪೈಸೆ ಝೊಹ್ರಾ, ಅರ್ಧ ಪೈಸೆ ಬಹ್ರಾಮ್ ಎಂಬ ಮಂಗಳ, ಕಾಲು ಪೈಸೆ ಅಖ್ತರ್ ಎಂಬ ತಾರೆ, ಅದರ ಅರ್ಧ ಕುತುಬ್ ಎಂಬ ಧ್ರುವ. ಚಿನ್ನದಲ್ಲಿ ಅಹ್ಮದಿ ಪ್ರವಾದಿಯವರ ಹೆಸರಿನದು. ಸಿದ್ದೀಖಿ, ಫಾರೂಖಿ ಮೊದಲಿಬ್ಬರು ಖಲೀಫರಾದ ಅಬೂಬಕರ್, ಉಮರ್ ಅವರ ಹೆಸರಿನವು. ಬೆಳ್ಳಿಯ ಎರಡು ರೂಪಾಯಿ ಹೈದರಿ, ಒಂದು ರೂಪಾಯಿ ಇಮಾಮಿ. ಆಬಿದಿ, ಬಾಖಿರಿ, ಜಾಫರಿ ಮುಂತಾದ ಚಿಲ್ಲರೆಗೆ ಇಮಾಮರ ಹೆಸರು. ಸುನ್ನಿ ದೊರೆಯೊಬ್ಬನ ಖಜಾನೆಯಲ್ಲಿ ಖಲೀಫರೂ ಇಮಾಮರೂ ಒಟ್ಟಿಗಿದ್ದರು. ಅವನ ತಂದೆ ಹೈದರಾಲಿಯ ವರಹದ ಮೇಲಂತೂ ಒಂದು ಬದಿ ಶಿವ ಪಾರ್ವತಿ, ಇನ್ನೊಂದು ಬದಿ ಹೈದರನ ಹೆಸರಿನ ಮೊದಲ ಅಕ್ಷರ.

ದಾದಿಮಾ ತೀರಿಕೊಂಡ ಮೇಲೆ ನಮ್ಮ ತಮ್ಮ ಅದನ್ನು ಬೆಂಗಳೂರಿನ ನಾಣ್ಯದ ವ್ಯಾಪಾರಿಯೊಬ್ಬರಿಗೆ ತೋರಿಸಿದ. ಅವರು ಭೂತಗನ್ನಡಿ ಹಿಡಿದು ನೋಡಿ, 'ತಿಕ್ಕಿದ್ದೀರಿ' ಎಂದಷ್ಟೇ ಹೇಳಿ ವಾಪಸು ಕೊಟ್ಟರು. ಇಂದಿನ ಸಂಗ್ರಾಹಕರ ಜಗತ್ತಿನಲ್ಲಿ ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯಿದೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಮುಂದಿಟ್ಟ ಅಳತೆ ಅದರ ಮೂಲ. ತಾಮ್ರಕ್ಕೆ ಅಂಕದ ಜೊತೆ ಬಣ್ಣದ ಗುರುತೂ ಉಂಟು. ಟಂಕಸಾಲೆಯ ಕೆಂಪು ಹೆಚ್ಚುಕಡಿಮೆ ಹಾಗೇ ಉಳಿದಿದ್ದರೆ ಆರ್‌ಡಿ, ಕೆಂಪು ಕಂದು ಬೆರೆತಿದ್ದರೆ ಆರ್‌ಬಿ, ಕಂದಾಗಿದ್ದರೆ ಬಿಎನ್. ಹುಣಸೆಹಣ್ಣಿನಿಂದ ಬಂದ ಕೆಂಪಿಗೆ ಇದರಲ್ಲಿ ಜಾಗವಿಲ್ಲ. ತಿಕ್ಕಿದ ಕಾಸಿಗೆ ಸಾಮಾನ್ಯವಾಗಿ ಅಂಕ ಕೊಡದೆ 'ಡೀಟೇಲ್ಸ್' ಎಂಬ ಷರಾ ಬರೆಯುತ್ತಾರೆ. ಇನ್ನೂರು ವರ್ಷದ ಕಾಸಿಗೆ ಕಂದು ಬಣ್ಣವೇ ಲಕ್ಷಣ; ಅದು ಕೊಳೆಯಲ್ಲ, ಲೋಹದ ಕವಚ.

ಬೆಲೆ ಹೋದದ್ದಕ್ಕೆ ನಮಗೆ ದುಃಖವಿಲ್ಲ. ಟಿಪ್ಪುವಿನ ಹೆಸರೆತ್ತಿದರೆ ಹೊಗಳಿಕೆ, ತೆಗಳಿಕೆ ಎರಡೇ ಕೇಳಿಬರುವ ಈ ದಿನಗಳಲ್ಲಿ, ಅವನ ಕಾಲವೇ ಬರೆದಿಟ್ಟ ನಾಲ್ಕು ಅಕ್ಷರ ನಮ್ಮ ಪೆಟ್ಟಿಗೆಯಲ್ಲಿದ್ದವು. ಅದನ್ನು ನಾವು ಪ್ರೀತಿಯಿಂದಲೇ ತಿಕ್ಕಿ ಅಳಿಸಿದೆವು. ನಿಮ್ಮ ಮನೆಯಲ್ಲೂ ಆನೆಯ ಕಾಸಿದ್ದರೆ ದಯವಿಟ್ಟು ತಿಕ್ಕಬೇಡಿ. ಅಂಚು ಹಿಡಿದು ಬೆಳಕಿಗೆ ಒಡ್ಡಿ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿ. ಯಾರಿಂದ ಬಂದದ್ದೆಂದು ಒಂದು ಚೀಟಿಯಲ್ಲಿ ಬರೆದಿಡಿ.

ನಮ್ಮ ಝೊಹ್ರಾ ಈಗ ಮತ್ತೆ ಮೆಲ್ಲಗೆ ಕಂದಾಗುತ್ತಿದೆ.