ನೈಸು

ದೋಸೆಹಿಟ್ಟು ರುಬ್ಬುವಾಗ ‘ಇನ್ನೊಂದು ಸುತ್ತು ತಿರುಗಲಿ, ನೈಸಾಗಬೇಕು’ ಅನ್ನುತ್ತೇವೆ. ಇಡ್ಲಿಗಾದರೆ ಅಕ್ಕಿ ತರಿತರಿಯಾಗಿರಬೇಕು, ಉದ್ದು ಮಾತ್ರ ನೈಸು. ಇಂಗ್ಲಿಷಿನ ಗಂಧಗಾಳಿ ಇಲ್ಲದ ಅಜ್ಜಿಯರೂ ಈ ಮಾತನ್ನು ಸಲೀಸಾಗಿ ಆಡುತ್ತಾರೆ.

ಈ ಪದದ ಪೂರ್ವಾಶ್ರಮ ವಿಚಿತ್ರವಾದದ್ದು. ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ಸ್ಕಿರೆ’ ಎಂದರೆ ತಿಳಿಯುವುದು; ಅದಕ್ಕೆ ‘ಇಲ್ಲ’ ಎಂಬ ಅರ್ಥದ ‘ನೆ’ ಸೇರಿ, ಏನೂ ತಿಳಿಯದವನು ಎಂದಾಯಿತು. ಸೈನ್ಸ್ ಹುಟ್ಟಿದ್ದೂ ಇದೇ ‘ಸ್ಕಿರೆ’ಯಿಂದ. ಒಂದೇ ಬೇರಿನಲ್ಲಿ ವಿಜ್ಞಾನವೂ ಅಜ್ಞಾನವೂ ಚಿಗುರಿವೆ! ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಎಂದರೆ ಪೆದ್ದ. ಕವಿ ಚಾಸರ್ ಆ ಅರ್ಥದಲ್ಲೇ ಬಳಸಿದ್ದಾನೆ.

ಪೆದ್ದುತನದಿಂದ ಅದು ಅತಿ ನಾಜೂಕಿಗೆ, ಅಲ್ಲಿಂದ ಸೂಕ್ಷ್ಮಕ್ಕೆ, ನಿಖರತೆಗೆ ಹೊರಳಿತು. 16, 17ನೇ ಶತಮಾನಗಳ ಬರಹಗಳಲ್ಲಿ ಲೇಖಕ ಯಾವ ಅರ್ಥದಲ್ಲಿ ಹೇಳಿದ್ದಾನೆಂದು ಎಷ್ಟೋ ಕಡೆ ನಿರ್ಧರಿಸುವುದೇ ಕಷ್ಟ ಎಂದು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ. 18ನೇ ಶತಮಾನದ ಹೊತ್ತಿಗೆ ‘ಹಿತವಾದದ್ದು’ ಎಂಬ ಅರ್ಥ ಬೇರೂರಿ, ಕಂಡದ್ದೆಲ್ಲ ನೈಸ್ ಆಗತೊಡಗಿತು. ಕಾದಂಬರಿಕಾರ್ತಿ ಜೇನ್ ಆಸ್ಟೆನ್‌ಳ ಕಣ್ಣಿಗೆ ಇದು ಬಿದ್ದಿತ್ತು. ‘ನಾರ್ಥ್ಯಾಂಗರ್ ಆ್ಯಬಿ’ಯಲ್ಲಿ ಕ್ಯಾಥರೀನ್ ಒಂದು ಕಾದಂಬರಿಯನ್ನು ಬಲು ನೈಸ್ ಎಂದು ಮೆಚ್ಚಿದರೆ, ಹೆನ್ರಿ ಟಿಲ್ನಿ ಅದನ್ನು ‘ಅಚ್ಚುಕಟ್ಟು’ ಎಂದು ತಿರುಗಿಸಿ, ಹಾಗಾದರೆ ಅದು ಪುಸ್ತಕದ ಬೈಂಡಿಂಗ್ ಮೇಲೆ ಹೋಗುತ್ತದೆ ಎಂದು ಅವಳನ್ನು ಕೆಣಕುತ್ತಾನೆ. ಆಮೇಲೆ ಈ ಒಂದೇ ಪದ ಎಲ್ಲ ಹೊಗಳಿಕೆಗೂ ಬಂದುಬಿಟ್ಟಿದೆ ಎನ್ನುತ್ತಾನೆ. ಆ ದೂರು ಇನ್ನೂರು ವರ್ಷದ ಮೇಲೂ ನಿಜ.

ಕನ್ನಡದಲ್ಲಿ ಮಾತ್ರ ನೈಸು ಸವೆಯಲಿಲ್ಲ, ಕಸುವು ಪಡೆಯಿತು. ರುಬ್ಬಿದ ಹಿಟ್ಟು ನೈಸು, ರೇಷ್ಮೆಯ ಮೈ ನೈಸು, ಬಡಗಿ ಉಜ್ಜಿದ ಹಲಗೆ ನೈಸು. ಬಿಲ್ಲು ಕೊಡುವ ಹೊತ್ತಿಗೆ ನೈಸಾಗಿ ಜಾರಿಕೊಳ್ಳುವ ಗೆಳೆಯ ಎಲ್ಲರಿಗೂ ಒಬ್ಬನಿದ್ದಾನೆ. ಮಗ ಅಮ್ಮನಿಗೆ ನೈಸ್ ಮಾಡಿ ದುಡ್ಡು ಕೀಳುತ್ತಾನೆ. ಈ ಪೂಸಿ ಹೊಡೆಯುವ ಅರ್ಥ ಇಂಗ್ಲಿಷಿನದಲ್ಲ, ಅಪ್ಪಟ ನಮ್ಮದು. ನಮ್ಮಲ್ಲಿ ಮೊದಲೇ ‘ನಯ’ ಇತ್ತಲ್ಲ, ನಯವಾದ ಬಟ್ಟೆಯಿಂದ ನಯವಂಚಕನವರೆಗೆ. ಅದರ ಪಕ್ಕದಲ್ಲೇ ನೈಸಿಗೆ ಜಾಗ ಸಿಕ್ಕಿತೆಂದು ನನಗನ್ನಿಸುತ್ತದೆ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಯಾರೋ ಕಷ್ಟಪಟ್ಟು ಬರೆದ ಕಥೆಗೆ, ಹಾಡಿದ ಹಾಡಿಗೆ ಬರೀ ‘ನೈಸ್’ ಎಂದು ಕೈತೊಳೆದುಕೊಳ್ಳಬೇಡಿ. ಸೊಗಸಾಗಿದೆ, ಮನಸ್ಸಿಗೆ ನಾಟಿತು, ಆ ಎರಡನೇ ಚರಣ ಚೆನ್ನಾಗಿತ್ತು ಎಂದು ಬಿಡಿಸಿ ಹೇಳಿ. ನೈಸನ್ನು ಹಿಟ್ಟಿಗೆ, ಬಟ್ಟೆಗೆ, ಜಾರಿಕೊಳ್ಳುವ ಗೆಳೆಯನಿಗೆ ಧಾರಾಳವಾಗಿ ಬಳಸಿ.