ಪ್ಲಾಸ್ಟಿಕ್ ಪಿಸ್ತೂಲಿನ ಭಯ
ಬೆಂಜ್ ಸರ್ಕಲ್‌ನಿಂದ ಗನ್ನವರಂ ವಿಮಾನ ನಿಲ್ದಾಣಕ್ಕೆ ಹೋಗುವ ನಮ್ಮ ಕನ್ನಡ ಬಂಧುಗಳು ಅಲ್ಲಿನ ಮೈ ತಪಾಸಣೆಗೆ ಬೇಸರಪಡುವುದುಂಟು. ಅದರ ಹಿಂದೊಂದು ಇತಿಹಾಸವಿದೆ. 1971ರ ಜನವರಿಯಲ್ಲಿ ಶ್ರೀನಗರದಿಂದ ಹೊರಟ ‘ಗಂಗಾ’ ವಿಮಾನವನ್ನು ಲಾಹೋರಿಗೆ ಅಪಹರಿಸಿದವರ ಕೈಯಲ್ಲಿದ್ದುದು ಆಟಿಕೆ ಪಿಸ್ತೂಲು, ಮರದ ಗ್ರೆನೇಡು! 1978ರಲ್ಲಿ ದೆಹಲಿಯ ವಿಮಾನವನ್ನು ವಾರಾಣಸಿಗೆ ತಿರುಗಿಸಿದವರದೂ ಆಟಿಕೆಯೇ.

ಲೋಹಶೋಧಕಕ್ಕೆ ಸಿಗದ ನಿಜವಾದ ಪಿಸ್ತೂಲು ಸಾಧ್ಯವೇ? 1980ರ ದಶಕದಲ್ಲಿ ‘ಪ್ಲಾಸ್ಟಿಕ್ ಪಿಸ್ತೂಲು’ ಎಂದು ಗುಲ್ಲೆಬ್ಬಿಸಿದ ಆಸ್ಟ್ರಿಯದ ಗ್ಲಾಕ್‌ನ ನಳಿಕೆ ಉಕ್ಕಿನದೇ. 2013ರಲ್ಲಿ ಅಮೆರಿಕದಲ್ಲಿ ತ್ರೀಡಿ ಪ್ರಿಂಟರಿನಿಂದ ತಯಾರಾದ ‘ಲಿಬರೇಟರ್’ ಬಹುಪಾಲು ಪ್ಲಾಸ್ಟಿಕ್ಕು. ಆದರೆ ತೋಟಾ ಲೋಹದ್ದು, ನಳಿಕೆಯೂ ಬೇಗ ಬಿರಿಯುವಂಥದು. ಆದರೂ ಜೀವ ತೆಗೆಯಲು ಒಂದೇ ಗುಂಡು ಸಾಕು. ಆದ್ದರಿಂದ ಇಂಥವನ್ನು ನಿಷೇಧಿಸಿದ ಅಮೆರಿಕದ 1988ರ ಕಾನೂನು ಸರಿಯೇ. ಆದರೆ ಆಟಿಕೆಯನ್ನು ಯಾವ ಕಾನೂನು ತಡೆದೀತು? ಯಂತ್ರ ಬಿಟ್ಟದ್ದನ್ನು ತಪಾಸಣೆಯ ಕೈಯೇ ಹಿಡಿಯಬೇಕು. ಎರಡು ನಿಮಿಷ ಸಹಿಸೋಣ.