ಸೂಕ್ಷ್ಮ ಬಿಂದುವಿಗೆ ಕೇಂದ್ರೀಕರಿಸಿದ ಲೇಸರ್ ಕಿರಣ: ಧ್ರುವೀಕರಣದ ಪಾತ್ರ

(ಸಾರ್ವಜನಿಕರ ಮಾಹಿತಿಗಾಗಿ)

ಪ್ರಯೋಗಾಲಯಗಳಲ್ಲಿ ಲೇಸರ್ ಸೂಕ್ಷ್ಮದರ್ಶಕ ಅಥವಾ ಲೇಸರ್ ಕತ್ತರಿಸುವ ಯಂತ್ರದ ಸೇವೆ ಕೋರಿ ಅರ್ಜಿ ಸಲ್ಲಿಸುವವರು ಕಿರಣದ ಸಾಮರ್ಥ್ಯ ಮತ್ತು ತರಂಗದೂರವನ್ನು ನಮೂದಿಸಿದರಷ್ಟೇ ಸಾಲದು. ಕಿರಣದ ಧ್ರುವೀಕರಣವೂ ಫಲಿತಾಂಶವನ್ನು ನಿರ್ಧರಿಸುತ್ತದೆ.

1. ಧ್ರುವೀಕರಣ ಎಂದರೇನು?
ಬೆಳಕಿನ ವಿದ್ಯುತ್ ಕ್ಷೇತ್ರವು ಕಂಪಿಸುವ ದಿಕ್ಕಿನ ಕ್ರಮವೇ ಧ್ರುವೀಕರಣ. ಇದರಲ್ಲಿ ಮುಖ್ಯವಾಗಿ ಈ ಕೆಳಕಂಡ ವಿಧಗಳಿವೆ.
ಅ) ರೇಖೀಯ: ಕಂಪನವು ಒಂದೇ ದಿಕ್ಕಿನಲ್ಲಿರುತ್ತದೆ.
ಆ) ವೃತ್ತೀಯ: ಕಂಪನದ ದಿಕ್ಕು ಎಡಕ್ಕೆ ಅಥವಾ ಬಲಕ್ಕೆ ಸುತ್ತುತ್ತಿರುತ್ತದೆ.
ಇ) ತ್ರಿಜ್ಯೀಯ: ಕಂಪನವು ಸೈಕಲ್ ಚಕ್ರದ ಕಡ್ಡಿಗಳಂತೆ ಕೇಂದ್ರದಿಂದ ಹೊರಮುಖವಾಗಿರುತ್ತದೆ.
ಈ) ಸುತ್ತುವರಿದ: ಕಂಪನವು ಚಕ್ರದ ಅಂಚಿನ ಗುಂಟ ಇರುತ್ತದೆ.

2. ಬಿಂದುವಿನ ಆಕಾರ
ಪ್ರಬಲ ಮಸೂರವು ಅಂಚಿನ ಕಿರಣಗಳನ್ನು ಕಡಿದಾಗಿ ಬಾಗಿಸುವುದರಿಂದ ವಿದ್ಯುತ್ ಕ್ಷೇತ್ರದ ಒಂದು ಭಾಗವು ಕಿರಣದ ಅಕ್ಷದ ದಿಕ್ಕಿಗೇ ತಿರುಗುತ್ತದೆ. ಇದರ ಗಣಿತವನ್ನು ರಿಚರ್ಡ್ಸ್ ಮತ್ತು ವುಲ್ಫ್ 1959ರಲ್ಲಿ ನಿರೂಪಿಸಿದರು. ರೇಖೀಯ ಕಿರಣದ ಬಿಂದು ದುಂಡಗಿರದೆ ಕಂಪನದ ದಿಕ್ಕಿನಲ್ಲಿ ನೀಳವಾಗುತ್ತದೆ. ತ್ರಿಜ್ಯೀಯ ಕಿರಣದಲ್ಲಿ ಅಕ್ಷದ ಭಾಗಗಳು ನಡುವೆ ಒಟ್ಟುಗೂಡುತ್ತವೆ. ಉಂಗುರಾಕಾರದ ಇಂತಹ ಕಿರಣದಿಂದ ಹೆಚ್ಚು ಚಿಕ್ಕ ಬಿಂದು ದೊರೆಯುವುದೆಂದು ಜರ್ಮನಿಯ ಎರ್ಲಾಂಗೆನ್‌ನ ಡಾರ್ನ್, ಕ್ವಾಬಿಸ್ ಮತ್ತು ಲಾಯ್ಕ್ಸ್ 2003ರಲ್ಲಿ ಪ್ರಯೋಗದಿಂದ ತೋರಿಸಿದರು. ಸುತ್ತುವರಿದ ಧ್ರುವೀಕರಣದಲ್ಲಿ ನಡುಭಾಗವು ಕತ್ತಲಾಗಿ, ಉದ್ದಿನ ವಡೆಯ ಆಕಾರ ಬರುತ್ತದೆ.

3. ಉಪಯೋಗಗಳು
ಅ) ಸ್ಟೆಡ್ ಸೂಕ್ಷ್ಮದರ್ಶಕ: ಇದಕ್ಕಾಗಿ ಸ್ಟೀಫನ್ ಹೆಲ್ ಅವರು 2014ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಡನೆ ಹಂಚಿಕೊಂಡರು. ಉಂಗುರಾಕಾರದ ಕಿರಣವು ಸುತ್ತಲಿನ ಪ್ರತಿದೀಪ್ತಿಯನ್ನು ಆರಿಸಿ, ನಡುವಿನದನ್ನು ಮಾತ್ರ ಉಳಿಸುತ್ತದೆ. ಸುರುಳಿ ಹಂತಫಲಕ ಬಳಸುವಾಗ ವೃತ್ತೀಯ ಧ್ರುವೀಕರಣದ ಸುತ್ತು ತಿರುವುಮುರುವಾದಲ್ಲಿ ನಡುಭಾಗದಲ್ಲೂ ಬೆಳಕು ಸೇರಿ, ಉಳಿಯಬೇಕಾದ ಪ್ರತಿದೀಪ್ತಿಯೇ ಆರುತ್ತದೆ.
ಆ) ಲೋಹ ಕತ್ತರಿಸುವಿಕೆ: ರೇಖೀಯ ಕಿರಣವನ್ನು ಲೋಹವು ಹೀರುವ ಪ್ರಮಾಣ ಕತ್ತರಿಸುವ ದಿಕ್ಕಿನೊಂದಿಗೆ ಬದಲಾಗುತ್ತದೆ. ಎಲ್ಲ ದಿಕ್ಕಿನಲ್ಲೂ ಏಕರೂಪದ ಅಂಚು ಪಡೆಯಲು ವೃತ್ತೀಯ ಧ್ರುವೀಕರಣವನ್ನು ಬಳಸಲಾಗುತ್ತದೆ.

4. ರೂಪಿಸುವ ಸಾಧನಗಳು
ಕಾಲು ತರಂಗ ಫಲಕ, ಅರ್ಧ ತರಂಗ ಫಲಕ ಹಾಗೂ ದ್ರವಸ್ಫಟಿಕ ಸಾಧನಗಳು ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಅವರು 1956ರಲ್ಲಿ ಪ್ರಕಟಿಸಿದ ತತ್ತ್ವವನ್ನು ಆಧರಿಸಿವೆ.

5. ಅರ್ಜಿದಾರರು ಒದಗಿಸಬೇಕಾದ ವಿವರಗಳು
ಅ) ತರಂಗದೂರ (ನ್ಯಾನೋಮೀಟರ್‌ಗಳಲ್ಲಿ) ಮತ್ತು ಸಾಮರ್ಥ್ಯ.
ಆ) ಮಸೂರದ ನ್ಯೂಮರಿಕಲ್ ಅಪರ್ಚರ್.
ಇ) ಅಪೇಕ್ಷಿತ ಧ್ರುವೀಕರಣದ ವಿಧ, ವೃತ್ತೀಯವಾದಲ್ಲಿ ಎಡ ಅಥವಾ ಬಲ.

ಸೂಚನೆ: ದಾರಿಯಲ್ಲಿನ ಕನ್ನಡಿಗಳು ಧ್ರುವೀಕರಣವನ್ನು ಬದಲಿಸಬಹುದು. ಆದುದರಿಂದ ಅದನ್ನು ಲೇಸರ್‌ನ ಬಾಯಿಯಲ್ಲಲ್ಲದೆ, ಮಸೂರದ ಮುಂಭಾಗದಲ್ಲಿ ಅಳೆಯತಕ್ಕದ್ದು. ತರಂಗದೂರಕ್ಕೆ ತಕ್ಕ ರಕ್ಷಣಾ ಕನ್ನಡಕವಿಲ್ಲದೆ ಈ ಅಳತೆಗೆ ತೊಡಗಬಾರದು.